ಅಟ್ಟದ ಮೇಲೆ ಮೊಳೆತ ತೋಟ

ಸೋರುವ ಕಡೆ ಒಂದು ಪಾತ್ರೆ ಇಟ್ಟುಬಿಟ್ಟರೆ ಮನೆ ಸೋರುವುದು ನಿಂತಿತೆಂದು ತಿಳಿಯುವ ಪೈಕಿ ನಾನು. ಈ ಗುಣ ಮನೆಮಂದಿಗೆಲ್ಲ ತಿಳಿದದ್ದು ಎಂಟು ವರ್ಷದ ಹಿಂದೆ, ಒಂದು ಸೋಮವಾರ, ನಾನು ಪೂಜೆ ಮುಗಿಸಿ ಗಂಟೆ ಕೆಳಗಿಡುವ ಹೊತ್ತಿಗೆ.

ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಸಿಪ್ಪೆ ಸಮೇತ ಕಾಯಿ ಏರಿಸಿಟ್ಟರೆ ಅಡಿಗೆಮನೆಯ ಹೊಗೆ ಬೆಚ್ಚಗೆ ತಾಗುತ್ತ, ವರ್ಷ ಕಳೆಯುವುದರೊಳಗೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಇದರಲ್ಲಿ ಮನುಷ್ಯರು ಮಾಡಬೇಕಾದದ್ದು ಎರಡೇ: ಸುಮ್ಮನಿರುವುದು, ಮತ್ತು ಕಾಯಿಯ ಮೇಲೆ ನೀರು ಬೀಳದಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ನಾನು ಚೆನ್ನಾಗಿಯೇ ಮಾಡಿದೆ.

ಮದುವೆಯಾಗಿ ಹದಿನಾರು ವರ್ಷವಾದ ಮೇಲೆ ಅತ್ತೆಯವರು ನನ್ನನ್ನು ನಂಬಿ ಅಟ್ಟ ಒಪ್ಪಿಸಿದ್ದ ಮೊದಲ ವರ್ಷ ಅದು. ಮಳೆಗಾಲದಲ್ಲಿ ಮೂಲೆಯ ಹೆಂಚೊಂದು ಒಡೆದದ್ದನ್ನು ಕಂಡೆ. ಕೆಳಗೊಂದು ಬೋಗುಣಿ ಇಟ್ಟೆ. ನಾಳೆ ಮನೆಯವರಿಗೆ ಹೇಳೋಣ ಎಂದುಕೊಂಡೆ. ಶಿವನ ದಯೆಯಿಂದ ನಾಳೆಗಳು ಬೇಕಾದಷ್ಟು ಬಂದವು. ಬೋಗುಣಿ ತುಂಬಿ ಚೆಲ್ಲುತ್ತಲೇ ಇತ್ತು.

ಆ ಸೋಮವಾರ ಮನೆಯವರು ಏಣಿ ಹತ್ತಿದರು. ಮೂಲೆಯ ಕಾಯಿಗಳೆಲ್ಲ ಮೊಳೆತು, ಬಿಳಿಚಿದ ಮೊಳಕೆಗಳು ಹೆಂಚಿನ ಸಂದಿನ ಬೆಳಕಿನತ್ತ ಕತ್ತು ಚಾಚಿಕೊಂಡಿದ್ದವಂತೆ.

“ಬಾರೇ ಇಲ್ಲಿ! ಅಟ್ಟದ್ ಮ್ಯಾಲೆ ಏನ್ ಬಿತ್ತಿದ್ದೀಯ?” ಎಂದರು.

ಚಿಕ್ಕನಾಯಕನಹಳ್ಳಿಯಲ್ಲಿ ಮೇಷ್ಟ್ರಾಗಿರುವ ಮೈದುನನೂ ಅವತ್ತೇ ಊರಿಗೆ ಬಂದಿರಬೇಕೆ! ತಾನು ಬರೆಯುತ್ತಿದ್ದ ವಂಶಚರಿತ್ರೆಯನ್ನು ಪಡಸಾಲೆಯಲ್ಲಿ ಅತ್ತೆಯವರಿಗೆ ಓದಿ ಹೇಳುತ್ತಿದ್ದ: “ನಮ್ಮ ಮುತ್ತಜ್ಜ ಮರುಳಯ್ಯನವರು ದೂರದ ಸೀಮೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಉತ್ತಮ ಬೀಜಗಳನ್ನು ಆರಿಸಿ ತಂದು ಈ ತೋಟ ಕಟ್ಟಿದರು.” ಅಂಥವರ ಮನೆಯ ಸೊಸೆ ನಾನು, ಮೊಳೆತ ಕಾಯಿಯೊಂದನ್ನು ಸೆರಗಿನಲ್ಲಿ ಹಿಡಿದು ಅಳುತ್ತ ನಿಂತೆ. ಇನ್ನು ಅಟ್ಟ ನನ್ನ ಕೈ ತಪ್ಪಿತು, ಮಾನವೂ ಹೋಯಿತು ಎಂದುಕೊಂಡೆ.

ಅತ್ತೆಯವರು ಕಾಯಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ನಕ್ಕರು ನೋಡಿ!

“ಅಳಬ್ಯಾಡ ಕಣವ್ವಾ. ಲೋ ಮೇಷ್ಟ್ರೇ, ಓದೋದ್ ನಿಲ್ಸು. ನಿಮ್ ಮುತ್ತಜ್ಜ ಇಲ್ಲೇ ಪಕ್ಕದ್ ಕಂದಿಕೆರೆ ದಾಟಿದೋನೇ ಅಲ್ಲ.”

ನಿಜ ಸಂಗತಿ ಇಷ್ಟು. ಮರುಳಯ್ಯನವರಿಗೆ ಇದ್ದದ್ದು ರಾಗಿ ಹೊಲ, ಬಾವಿಯ ಬಳಿ ಒಂಬತ್ತು ತೆಂಗಿನ ಮರ. ಆಗ ಮನೆಗೆ ಹುಲ್ಲಿನ ಸೂರು. ಮಳೆಗೆ ಮುಂಚೆ ಹೊಸ ಹುಲ್ಲು ಹೊದಿಸಿ ಎಂದು ಹೆಂಡತಿ ಸಿದ್ದಮ್ಮ ದಿನಾ ಹೇಳಿದಳು. ಅವರು ಕಂದಿಕೆರೆಯ ಅಕ್ಕನ ಮನೆಗೆ ಹಬ್ಬಕ್ಕೆಂದು ಹೋಗಿ, ಹೋಳಿಗೆಯೂ ಮಳೆಗಾಲವೂ ಮುಗಿಯುವವರೆಗೆ ಅಲ್ಲೇ ಉಳಿದರು. ಬಂದು ನೋಡಿದರೆ ಅಟ್ಟದ ಕಾಯೆಲ್ಲ ಮೊಳೆತಿದೆ.

“ಸೂರು ಹೊದ್ಸಿ ಅಂದ್ರೆ ಅಟ್ಟದ್ ಮ್ಯಾಲೇ ತ್ವಾಟ ಮಾಡ್ಬುಟ್ಟಿದ್ದೀರಲ್ಲ!” ಎಂದಳಂತೆ ಸಿದ್ದಮ್ಮ.

“ಮಳೆರಾಯ ಮಾಡವ್ನೆ ಕಣೇ, ನಂದೇನೈತೆ?”

“ಗುಂಡಿ ಮಾತ್ರ ನೀವೇ ತೋಡಿ. ಅದಕ್ಕೂ ಮಳೆರಾಯನ್ನ ಕರೀಬ್ಯಾಡಿ.”

ಅವರು ತೋಡಿದರು. ಅವಳು ಗುಂಡಿಗೆ ಉಪ್ಪು, ಬೂದಿ ಹಾಕಿ ಸಸಿ ಇಟ್ಟಳು; ಈಗಿನ ತೋಟ ಅದೇ. ಬೈದದ್ದು ಒಂದು ದಿನ, ನೀರು ಹೊತ್ತದ್ದು ಮೂರು ಬೇಸಿಗೆ. ಅತ್ತೆಯವರಿಗೆ ಇದನ್ನು ಹೇಳಿದವರು ಅವರ ಅತ್ತೆ, ಸಿದ್ದಮ್ಮನ ಸ್ವಂತ ಸೊಸೆ. ದೂರದ ಸೀಮೆ ಸುತ್ತಿದ ಮರುಳಯ್ಯ ಗಂಡಸರ ಬಾಯಲ್ಲಿ ಬೆಳೆದವರು; ಹೋಳಿಗೆ ತಿಂದು ಬಂದ ಮರುಳಯ್ಯ ಸೊಸೆಯಿಂದ ಸೊಸೆಗೆ ಇಳಿದು ಬಂದವರು. ನನಗಂತೂ ಎರಡನೆಯವರ ಮೇಲೇ ಭಕ್ತಿ.

“ಇದನ್ನ ಹೆಂಗವ್ವಾ ಬರಿಯೋದು? ಮನೆತನದ ಮರ್ಯಾದೆ!” ಎಂದ ಮೈದುನ.

“ಸೋರದ ಮನೆ ಯಾವೂರಾಗೈತೆ? ಬರೀಲಾ.”

ಕೊನೆಗೂ ಅವನು ಸೇರಿಸಿದ್ದು ಇಷ್ಟೇ: ‘ಶ್ರೀಮತಿ ಸಿದ್ದಮ್ಮನವರ ಸಹಕಾರವೂ ಸ್ಮರಣೀಯ.’ ಮೂರು ಬೇಸಿಗೆಯ ನೀರು ಒಂದು ಸಾಲಿನಲ್ಲಿ ಇಂಗಿಹೋಯಿತು. ಆದರೂ ಹೆಸರಾದರೂ ಬಂತಲ್ಲ, ಅದೇ ಪುಣ್ಯ.

ನನ್ನ ಮೊಳಕೆಗಳನ್ನೂ ನೆಟ್ಟೆವು. ಕೆಲವನ್ನು ಮೇಕೆ ಮೇಯ್ದವು, ಹದಿನೇಳು ಉಳಿದವು. ಎಲ್ಲವನ್ನೂ ಮೇಯಲಿಲ್ಲವಲ್ಲ! ಈ ವರ್ಷ ಮೊದಲ ಕಾಯಿ ಈಶ್ವರನಿಗೆ ಒಡೆಸಿಕೊಂಡು ಬಂದಾಗ ಅತ್ತೆಯವರು ಕೇಳಿದರು, “ನಿನ್ ಸೊಸೆಗೆ ಈ ಮರದ ಕಥೆ ಏನಂತ ಹೇಳ್ತೀಯೇ?”

“ದೂರದಿಂದ ಬೀಜ ತಂದೆ ಅಂತ್ಲೇ ಹೇಳ್ತೀನಿ ಅತ್ತೆಮ್ಮ. ಏಣಿಗೆ ಹನ್ನೊಂದು ಮೆಟ್ಲು. ನನ್ ಮಂಡಿಗೆ ಅದೇನ್ ಹತ್ರವಾ?”

ಅಟ್ಟ ಇಂದಿಗೂ ನನ್ನ ಕೈಯಲ್ಲೇ ಇದೆ. ಮಳೆಗಾಲ ಬಂತೆಂದರೆ ಅತ್ತೆಯವರು ಬೋಗುಣಿಯನ್ನು ಮಾತ್ರ ಬಚ್ಚಿಡುತ್ತಾರೆ.