ಹುಣಸೆಬೀಜದಷ್ಟು ಆಂಟೆನಾ

ವಾಣಿ ಬಾಯಿ ಜೋರಿನ ಹೆಂಗಸು. ಆನೆಕೊಂಡದ ಓಣಿಯಲ್ಲಿ ತರಕಾರಿ ಗಾಡಿಯವನು ಕೂಡ ಅವಳ ಮನೆ ಮುಂದೆ ದನಿ ತಗ್ಗಿಸಿಕೊಂಡು ಹೋಗುತ್ತಿದ್ದ. ಅಂಥವಳು ಈಚೆಗೆ ಯಾರ ಜೊತೆಗೂ ಜಗಳ ಆಡದೆ ಸುಮ್ಮನಿದ್ದಳೆಂದರೆ ಅವಳ ಎದೆಯಲ್ಲಿ ಎಂಥ ದಿಗಿಲು ಕೂತಿತ್ತು ನೀವೇ ಲೆಕ್ಕ ಹಾಕಿ. ಸೋಮವಾರ ಅವಳ ರಜೆ ಮುಗಿಯುತ್ತಿತ್ತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಲು ಹೋದರೆ ಹಗಲೆಲ್ಲ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ.

ಅಪ್ಪ ಉಜ್ಜನಪ್ಪ ಬಟ್ಟೆ ಅಂಗಡಿ ನಡೆಸಿದವರು. ಲಕ್ವ ಹೊಡೆದ ಮೇಲೆ ಮಾತು ಹೋಯಿತು, ಕೈಕಾಲು ಹೋದವು. ಉಳಿದದ್ದು ಕಣ್ಣು ಮತ್ತು ಬಲಗೈ ಹೆಬ್ಬೆರಳು. ನುಂಗುವ ಶಕ್ತಿಯೂ ಅಷ್ಟಕ್ಕಷ್ಟೇ. ಎಂಜಲೋ ಕಫವೋ ಉಸಿರಿಗೆ ಅಡ್ಡ ಬಂದರೆ ಕೂಡಲೇ ಪಕ್ಕಕ್ಕೆ ಹೊರಳಿಸಿ ಬೆನ್ನು ತಟ್ಟಬೇಕು. ತಡವಾದರೆ ಮುಗಿಯಿತು. ಅವ್ವ ಸರ್ವಮಂಗಳಮ್ಮನಿಗೆ ಕಿವಿ ಮಂದ. ಬಜಾರದಿಂದ ತಂದ ಗಂಟೆ ಎಷ್ಟು ಕೂಗಿಕೊಂಡರೂ ಅಡುಗೆಮನೆಯಲ್ಲಿ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೇ ವಾಣಿ ಹಟ ಹಿಡಿದು ತಾನೇ ಒಂದು ಯಂತ್ರ ಮಾಡಲು ಕೂತಳು. ಅಪ್ಪನ ಹೆಬ್ಬೆರಳ ಕೆಳಗೊಂದು ಗುಂಡಿ. ಅದನ್ನು ಒತ್ತಿದರೆ ಹಾಸಿಗೆಯಡಿಯ ತಂತಿಸುರುಳಿಯಿಂದ ಕಡಿಮೆ ಆವರ್ತನದ ರೇಡಿಯೋ ಅಲೆ ಹೊರಡುತ್ತದೆ. ಅದು ಗೋಡೆ ದಾಟುತ್ತದೆ, ಮೈ ದಾಟುತ್ತದೆ, ಆದರೆ ಪಕ್ಕದ ಮನೆಗೆ ಹೋಗಿ ತಂಟೆ ಮಾಡುವುದಿಲ್ಲ. ಅವ್ವನ ಕೊರಳಲ್ಲಿ ತೂಗುವ ಬಿಲ್ಲೆ ಅದನ್ನು ಹಿಡಿದು ಎದೆಯ ಮೇಲೆ ಗುರ್ರ್ ಎಂದು ನಡುಗುತ್ತದೆ. ಕೈಗೆ ಕಟ್ಟೋಣವೆಂದರೆ ರೊಟ್ಟಿ ಬಡಿಯುವಾಗ ಅವ್ವ ಬಿಚ್ಚಿಡುತ್ತಾಳೆ, ಬಿಚ್ಚಿಟ್ಟದ್ದನ್ನು ಮರೆಯುತ್ತಾಳೆ. ಹಾಗಾಗಿ ಕೊರಳೇ ಸರಿ. ತೊಡಕಿದ್ದದ್ದು ಆಂಟೆನಾದಲ್ಲಿ. ಇಂಥ ಅಲೆ ಹಿಡಿಯಲು ದೊಡ್ಡ ಆಂಟೆನಾ ಬೇಕು, ಬಿಲ್ಲೆಯೊಳಗೆ ಇರುವ ಜಾಗ ಹುಣಸೆಬೀಜದಷ್ಟು.

ಹರಿಹರದಲ್ಲಿ ಮೋಟಾರು ಸುತ್ತುವ ಸೈಫುಲ್ಲಾನ ಅಂಗಡಿಯಲ್ಲಿ ಅವಳು ಎಷ್ಟೋ ಸುರುಳಿ ಸುತ್ತಿಸಿ ಕೆಡಿಸಿದ್ದಳು. ಕೂದಲಿಗಿಂತ ಸಣ್ಣ ತಂತಿ, ಫೆರೈಟ್ ಎಂಬ ಕರಿಯ ಕಡ್ಡಿಯ ಚೂರಿನ ಮೇಲೆ ಸುತ್ತಬೇಕು. ಉಸಿರು ಜೋರಾದರೆ ತುಂಡಾಗುತ್ತಿತ್ತು. ಶನಿವಾರ ಕೊನೆಗೂ ಒಂದು ಕೈಗೂಡಿತು. ಅವಳು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಗೋಡೆಯಾಚೆ ಹೋಗಿ ನಿಂತಳು. ಪರೀಕ್ಷೆಗೆಂದು ಅಂಗಡಿಯಲ್ಲೇ ಇಟ್ಟಿದ್ದ ಇನ್ನೊಂದು ಗುಂಡಿಯನ್ನು ಸೈಫುಲ್ಲಾ ಒತ್ತಿದ. ಎದೆಯ ಮೇಲೆ ಗುರ್ರ್!

"ಬಂತು ಕಣೋ ಸೈಫುಲ್ಲಾ!"

"ನಿಮ್ಮ ಬಾಯಿಗೆ ಸಕ್ಕರೆ ಹಾಕ ಮೇಡಂ, ಬೇಗ ಮನಿಗೆ ಹೋಗ್ರಿ. ಅಪ್ಪಾರು ಕಾಯ್ತಾ ಇರ್ತಾರೆ."

ಬಸ್ಸಿನಲ್ಲಿ ಬಿಲ್ಲೆಯನ್ನು ಮುಷ್ಟಿಯಲ್ಲೇ ಹಿಡಿದು ಬಂದು ಅವ್ವನ ಕೊರಳಿಗೆ ಹಾಕಿದಳು. ಅಪ್ಪ ಒತ್ತಿದರು. ಅವ್ವ ಸುಮ್ಮನೆ ನಿಂತಿದ್ದಳು. ಮತ್ತೆ ಒತ್ತಿದರು. ಏನೂ ಇಲ್ಲ. ವಾಣಿ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡಳು. ಗುರ್ರ್! ಅವ್ವನಿಗೆ ಹಾಕಿದರೆ ಮೂಕ.

"ನಿನ್ನ ಮೈಯಾಗೆ ಏನೈತೆ ಅವ್ವಾ? ಲೋಹದ್ದು ಏನಿದ್ರೂ ಈ ಅಲೆ ಸಾಯ್ತದೆ. ಎಲ್ಲಾ ತೆಗಿ."

ಅವ್ವ ಬೀಗದಕೈ ಗೊಂಚಲು ತೆಗೆದಳು, ಸೆರಗಿನ ಪಿನ್ನು ತೆಗೆದಳು, ಬಳೆ ತೆಗೆದಳು. ತಾಳಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ತಡೆದಳು. ಗಂಡ ಹಾಸಿಗೆ ಹಿಡಿದಿರುವಾಗ ತಾಳಿ ತೆಗೆಯುವುದೆಂದರೆ ಹೆಂಗಸಿನ ಜೀವ ಎಷ್ಟು ಹೆದರಬೇಡ! ಒಳಗೆ ಹೋಗಿ ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ಬಿಚ್ಚಿಟ್ಟು ಬಂದಳು.

"ಇನ್ನೇನೂ ಇಲ್ಲ ತಾಯಿ. ಈಗ ನೋಡು."

ಬಿಲ್ಲೆ ಮಿಸುಕಲಿಲ್ಲ.

ವಾಣಿಗೆ ತಲೆ ಕೆಟ್ಟುಹೋಯಿತು. ಸೈಫುಲ್ಲಾನಿಗೆ ಫೋನು ಹಚ್ಚಿ, "ನೀನು ಸುತ್ತಿದ್ದು ಸುರುಳಿಯಲ್ಲ, ಹುರಿಹಗ್ಗ" ಎಂದು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ರಾತ್ರಿ ಇನ್ನೊಂದು ಸುರುಳಿ ತೆಗೆದುಕೊಂಡು ಕೂತಳು.

ಭಾನುವಾರ ಬೆಳಗ್ಗೆ ಅವ್ವ ಸ್ನಾನ ಮಾಡಿ ಪೂಜೆಗೆ ಕೂತಳು. ಕೊರಳಲ್ಲಿ ತಾಳಿ ಮತ್ತೆ ಬಂದಿತ್ತು; ಏನೇ ಆದರೂ ತೆಗೆಯಬೇಡ ಎಂದು ವಾಣಿ ಹೇಳಿದ್ದಕ್ಕೆ ಆ ಮೂಕ ಬಿಲ್ಲೆಯೂ ಅವಳ ಎದೆಯ ಮೇಲೇ ಇತ್ತು. ವಾಣಿ ಪಡಸಾಲೆಯಲ್ಲಿ ಅಪ್ಪನ ಮಂಚಕ್ಕೆ ಬೆನ್ನು ಹಾಕಿ, ಇನ್ನೊಂದು ಸುರುಳಿಯ ತುದಿಗೆ ಬೆಸುಗೆ ಹಾಕುತ್ತಿದ್ದಳು. ಕಣ್ಣು ತಂತಿಯ ಮೇಲೆ, ಉಸಿರು ಬಿಗಿ.

ಒಳಗಿನಿಂದ ದಡದಡ ಸದ್ದು. ನೋಡಿದರೆ ಅವ್ವ ಓಡಿ ಬರುತ್ತಿದ್ದಾಳೆ! ಲಿಂಗಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದ ಹೆಂಗಸು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆ ತುಂಬ ವಿಭೂತಿ.

"ವಾಣೀ, ನಿಮ್ಮಪ್ಪ!"

ವಾಣಿ ತಿರುಗಿದಳು. ಅಪ್ಪನ ಮುಖ ಕಪ್ಪಿಟ್ಟಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಒಂದು ಮಾರು ದೂರದಲ್ಲಿ ಕೂತಿದ್ದ ಮಗಳಿಗೆ ಗೊತ್ತೇ ಆಗಿರಲಿಲ್ಲ, ಸದ್ದಿಲ್ಲದೆ ಜೀವ ಹೋಗುತ್ತಿತ್ತು. ಅವ್ವ ಎಡಗೈಯ ಲಿಂಗವನ್ನು ಮೇಲೆತ್ತಿ ಹಿಡಿದು, ಬಲಗೈಯಿಂದ ಗಂಡನ ಹೆಗಲು ಎಳೆಯುತ್ತಿದ್ದಳು. ವಾಣಿ ಹಾರಿ ಬಂದು ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ತಟ್ಟಿದಳು. ತಟ್ಟಿದಳು, ತಟ್ಟಿದಳು. ಶಿವನೇ, ಒಂದೇ ಒಂದು ಉಸಿರು! ಕಫದ ಗಂಟು ಹೊರಬಿತ್ತು. ಅಪ್ಪ ಕೊರ್ರೆಂದು ಗಾಳಿ ಎಳೆದುಕೊಂಡರು.

ಇಬ್ಬರೂ ಅವರ ಬಾಯಿ ಒರೆಸಿ ಮಂಚದ ಪಕ್ಕ ನೆಲದ ಮೇಲೆ ಕೂತರು. ವಾಣಿ, "ಪೂಜಿ ಕೆಟ್ಟಿತಲ್ಲವ್ವಾ" ಎಂದಳು.

"ಎಲ್ಲಿ ಕೆಟ್ಟಿತು? ಲಿಂಗ ಕೈಯಾಗೇ ಐತಲ್ಲ."

"ನಿನಗೆ ಹೆಂಗೆ ಗೊತ್ತಾತು?"

"ಇದು ನಡುಗ್ತಲ್ಲೇ, ಎದಿ ಮ್ಯಾಲೆ!"

ವಾಣಿ ಎದ್ದು ದೇವರ ಕೋಣೆಗೆ ಹೋದಳು. ತಟ್ಟೆಯಲ್ಲಿ, ಪೂಜೆಗೆಂದು ಕೊರಳಿಂದ ತೆಗೆದಿಟ್ಟ ಅವ್ವನ ಕರಡಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಹಗಲೂ ರಾತ್ರಿ ಲಿಂಗವನ್ನಿಟ್ಟುಕೊಂಡು ಎದೆಯ ಮೇಲೆ ತೂಗುವ, ಗಟ್ಟಿ ಬೆಳ್ಳಿಯ ಕರಡಿಗೆ. ತಾಳಿಯನ್ನೂ ಬಿಚ್ಚಿದ್ದ ಅವ್ವನಿಗೆ ಇದು ಲೋಹ ಅನ್ನಿಸಲಿಲ್ಲ. ಎದುರಿಗೆ ನಿಂತು ಪಿನ್ನು ಹುಡುಕಿದ ಎಂಜಿನಿಯರು ಮಗಳಿಗೂ ಅನ್ನಿಸಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು.

ಅವ್ವ ಬಾಗಿಲಲ್ಲಿ ಬಂದು ನಿಂತಳು. ಮಗಳ ಮುಖ ನೋಡಿದೊಡನೆ ಅವಳಿಗೂ ಅರ್ಥವಾಯಿತು.

"ಬಿಚ್ಚಿಡು ಅಂತ ಮಾತ್ರ ಹೇಳಬ್ಯಾಡ ವಾಣಿ. ಇದು ನನ್ನ ಕೂಡ ಮಣ್ಣಿಗೆ ಹೋಗೋದು."

"ಯಾರು ಬಿಚ್ಚು ಅಂದ್ರು? ತಪ್ಪಿರೋದು ನನ್ನ ಲೆಕ್ಕದಾಗೆ. ಲಿಂಗ ಇದ್ದಂಗೇ ಕೆಲಸ ಮಾಡಬೇಕು, ಅಂಥದ್ದು ಮಾಡ್ತೀನಿ."

ಹೇಳಿದ್ದೇನೋ ಹೇಳಿದಳು. ಇದ್ದದ್ದು ಒಂದೇ ಹಗಲು. ಕಾಲೇಜು ಸೇರಿದ ಮೇಲೆ ತಾನು ತೆಗೆದು ದೇವರ ಜಗುಲಿಯ ಮೇಲಿಟ್ಟಿದ್ದ ತನ್ನ ಬೆಳ್ಳಿ ಕರಡಿಗೆಯನ್ನು ಹುಡುಕಿ ಕೊರಳಿಗೆ ಹಾಕಿಕೊಂಡು, ಅಪ್ಪನ ಪಕ್ಕದಿಂದ ಏಳಬೇಡವೆಂದು ಅವ್ವನಿಗೆ ಹೇಳಿ ಹರಿಹರದ ಬಸ್ಸು ಹತ್ತಿದಳು. ಸೈಫುಲ್ಲಾ ಭಾನುವಾರವಾದರೂ ಬಾಗಿಲು ತೆಗೆದ.

"ನಿನ್ನ ಬೈದುಬಿಟ್ಟೆ. ತಪ್ಪಾಯ್ತು."

"ಬೈಗುಳ ಮುಗೀತಲ್ಲ, ಬರ್ರಿ. ಈಗ ಏನ್ ಮಾಡಾಣ ಹೇಳ್ರಿ."

ಬೆಳ್ಳಿ ಅಲೆಯನ್ನು ನುಂಗದಂತೆ ಅದಕ್ಕೂ ಸುರುಳಿಗೂ ನಡುವೆ ತೆಳ್ಳನೆಯ ಫೆರೈಟ್ ಹಾಳೆ ಇಟ್ಟರು. ಬೆಳ್ಳಿ ಪಕ್ಕದಲ್ಲಿದ್ದರೆ ಸುರುಳಿಯ ಶ್ರುತಿ, ಅಂದರೆ ಅದು ಹಿಡಿಯುವ ಆವರ್ತನ, ಏರುತ್ತದೆ. ಏರಿದ್ದನ್ನು ಸರಿದೂಗಿಸಿ, ಕರಡಿಗೆ ಎದೆಯ ಮೇಲೆ ಇರುವ ಹಾಗೇ ಶ್ರುತಿ ಕೂಡಿಸಬೇಕು. ಅವನು ಸುತ್ತುವುದು, ಇವಳು ಹಾಕಿಕೊಂಡು ನೋಡುವುದು, ಬಿಚ್ಚುವುದು. ತಂತಿ ತುಂಡಾದಾಗ ವಾಣಿಗೆ ಅಳು ಬಂತು. ಅಳುತ್ತಲೇ ಇನ್ನೊಂದು ತುದಿ ಹುಡುಕಿ ಕೊಟ್ಟಳು. ಕೊನೆಯ ಬಸ್ಸಿನಲ್ಲಿ ಮನೆಗೆ ಬಂದಾಗ ಅಪ್ಪ, ಅವ್ವ ಇಬ್ಬರಿಗೂ ನಿದ್ದೆ ಹತ್ತಿತ್ತು.

ಸೋಮವಾರ ಬೆಳಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೊರಳಲ್ಲಿ ತಾಳಿ, ಎದೆಯ ಮೇಲೆ ಕರಡಿಗೆ, ಅದಕ್ಕೆ ಅಂಟಿಕೊಂಡು ಹೊಸ ಬಿಲ್ಲೆ. ವಾಣಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಅಪ್ಪನ ಪಕ್ಕ ನಿಂತಳು. ಇದೂ ಮೂಕವಾದರೆ ಅವಳು ಕೆಲಸಕ್ಕೆ ಹೋಗುವ ಹಾಗಿರಲಿಲ್ಲ, ಇನ್ನು ಯಾವತ್ತೂ.

"ಅಪ್ಪಾ, ಒತ್ತು."

ಹೆಬ್ಬೆರಳು ಅದುರಿತು, ಬಾಗಿತು.

ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗಂಡನ ಮುಖ ನೋಡಿದಳು, ಎದೆ ಮುಟ್ಟಿದಳು, ಉಸಿರು ಸರಿಯಾಗಿತ್ತು.

"ಏನೂ ಆಗಿಲ್ವಲ್ಲ, ಯಾಕ ಕರೆದ್ರಿ?"

ಅಪ್ಪ ಅವಳನ್ನೇ ನೋಡುತ್ತ ಮತ್ತೆ ಒತ್ತಿದರು. ಅವಳು ಎದುರಿಗೇ ನಿಂತಿದ್ದಳು. ಮತ್ತೂ ಒತ್ತಿದರು. ಲಕ್ವ ಹೊಡೆದ ದಿನದಿಂದ ಹೆಂಡತಿಯನ್ನು ಹಾಗೇ ಸುಮ್ಮನೆ ಒಂದು ಸಲವೂ ಕರೆಯಲಾಗದ ಮನುಷ್ಯ ಬಿಡದೆ ಕರೆಯುತ್ತಿದ್ದರು, ಎದೆಯ ಮೇಲೆ ಗುರ್ರ್, ಗುರ್ರ್ ಎಂದು. ಅವ್ವ ಹಿಟ್ಟಿನ ಕೈಯಿಂದಲೇ ಅವರ ಹೆಬ್ಬೆರಳು ಹಿಡಿದುಕೊಂಡಳು.

"ಬಂದೀನ್ರೀ. ಇಲ್ಲೇ ಅದೀನಿ."