ಅತ್ತೆಯ ಹೂವಿನ ಸೀರೆ, ಬೀದಿಯ ಬಾಯಿ

ನನಗೆ ಮಾತು ಬಂದದ್ದು ನಮ್ಮಜ್ಜಿಯ ಪಕ್ಕದಲ್ಲಿ ಕೂತು. ಹೊಳೆನರಸೀಪುರದ ನಮ್ಮ ಮನೆಯ ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಅಜ್ಜಿ ಬೀದಿ ನೋಡುತ್ತಿದ್ದಳು. ಹೋಗುವ ಬರುವ ಹೆಂಗಸರಲ್ಲಿ ಒಬ್ಬಳನ್ನೂ ಬರಿಗೈಲಿ ಕಳಿಸಿದವಳಲ್ಲ. ಪ್ರತಿಯೊಬ್ಬಳ ಬೆನ್ನಿಗೂ ಒಂದೊಂದು ಮಾತು ಕಟ್ಟಿಯೇ ಕಳಿಸುವಳು. ಸೆರಗು ಉದ್ದ ಬಿಟ್ಟವಳು ಬೀದಿ ಗುಡಿಸೋಳು. ಮುಖಕ್ಕೆ ಪೌಡರು ಬಳಿದುಕೊಂಡವಳು ಬೂದುಗುಂಬಳಕಾಯಿ. ಒಡವೆ ಹೇರಿಕೊಂಡು ಸಿಂಗಾರವಾಗಿ ಹೊರಟವಳು ಬಿಚ್ಚೋಲೆ ಗೌರಮ್ಮ. ಎರಡು ಜಡೆ ಹಾಕಿದ ಹೈಸ್ಕೂಲು ಹುಡುಗಿ ಕಂಡರೆ ನನ್ನ ಮೊಣಕೈ ತಿವಿದು, "ನೋಡಮ್ಮಿ, ಜೋಡೆತ್ತಿನ ಗಾಡಿ ಓಯ್ತಾ ಅದೆ" ಅನ್ನುವಳು. ಇದ್ಯಾವುದರ ಗೊಡವೆಯೂ ಬೇಡವೆಂದು ಸಾದಾ ಸೀರೆ ಸುತ್ತಿಕೊಂಡು ಹೋದವಳಿಗಾದರೂ ಬಿಡುಗಡೆ ಇತ್ತೆ? ಅವಳು ಗೋಣಿಚೀಲ.

ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮಗ್ಗಿಗಿಂತ ಚೆನ್ನಾಗಿ ಈ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ನಮ್ಮಪ್ಪ ತೂತುಬಿದ್ದ ಬನಿಯನ್ನಿನಲ್ಲೇ ಪೇಟೆ ಸುತ್ತಿ ಬರುತ್ತಿದ್ದರು. ಅಂಗಿಯ ಗುಂಡಿ ಬಿಚ್ಚಿ, ಪಂಚೆ ಮೊಣಕಾಲ ಮೇಲೆ ಎತ್ತಿ ಕಟ್ಟಿ ಓಡಾಡುವ ಗಂಡಸರು ಬೀದಿ ತುಂಬ ಇದ್ದರು. ಅವರಿಗೆಂದು ಅಜ್ಜಿಯ ಸಂಚಿಯಲ್ಲಿ ಒಂದೇ ಒಂದು ಮಾತೂ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ. ಹೊಳೆಯುವಂತೆ ಮಾಡಿದವಳು ನಮ್ಮತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ, ಅಜ್ಜಿಯ ಕೊನೆಯ ಮಗಳು. ಅವಳನ್ನು ಮಲ್ಲಿಪಟ್ಟಣಕ್ಕೆ ಕೊಟ್ಟಿದ್ದರು. ಮದುವೆಯಾದ ಮೂರನೇ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡು, ಇಪ್ಪತ್ತೆರಡರ ಹರೆಯದಲ್ಲಿ ತವರಿಗೆ ಬಂದಳು. ಅರಕಲಗೂಡಿನಲ್ಲಿ ಯಾರೋ ಪುಣ್ಯಾತ್ಗಿತ್ತಿಯ ಹತ್ತಿರ ಹೊಲಿಗೆ ಕಲಿತಿದ್ದಳು. ಅಪ್ಪ ಹಾಸನದಿಂದ ಯಾರೋ ಬಳಸಿ ಬಿಟ್ಟ ಮಿಷನ್ನೊಂದನ್ನು ಗಾಡಿಯಲ್ಲಿ ತಂದು ನಡುಮನೆಯಲ್ಲಿ ಇಳಿಸಿದರು. ಅಂದಿನಿಂದ ನಮ್ಮ ಮನೆಗೆ ಹೆಂಗಸರ ಸಾಲು.

ಯಾಕೆಂದರೆ ಆಗಿನ್ನೂ ಪೇಟೆಯ ದರ್ಜಿ ಹೆಂಗಸರ ಮೈಗೆ ಟೇಪು ತಾಗಿಸುತ್ತಿರಲಿಲ್ಲ. ಹಳೆಯ ರವಿಕೆಯೊಂದನ್ನು ಅಳತೆಗೆ ಕೊಟ್ಟು, ದೇವರ ಮೇಲೆ ಭಾರ ಹಾಕಿ ಬರಬೇಕು. ಅತ್ತೆಯಾದರೆ ಎದುರು ನಿಲ್ಲಿಸಿಕೊಂಡು ಅಳತೆ ತೆಗೆದುಕೊಳ್ಳುವಳು. ಬೆನ್ನಿಗೆ ಗುಂಡಿ, ಬುಗ್ಗೆ ತೋಳು, ಯಾವುದು ಬೇಕು ಹೇಳಿ. ಜಗಲಿಯ ಮೇಲೆ ಬುಗ್ಗೆ ತೋಳಿನವಳನ್ನು ಆಡಿಕೊಂಡು ನಕ್ಕವರೇ ಒಳಗೆ ಬಂದು, ದನಿ ತಗ್ಗಿಸಿ, "ನಂಗೂ ಒಂದಿಷ್ಟು ಬುಗ್ಗೆ ಬರಂಗೆ ಇಕ್ಕವ್ವ" ಎಂದು ಕೇಳುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಹೊಲಿದಾದ ಮೇಲೆ ಒಂದು ಪದ್ಧತಿ ಇತ್ತು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ ಕೊಡಬೇಕು. ಗಂಡ ಸತ್ತವಳ ಕೈಯಿಂದ ಅದು ಆಗಕೂಡದು. ಹಾಗಾಗಿ ಅತ್ತೆ ಹೊಲಿದು ಮಣೆಯ ಮೇಲೆ ಇಡುವಳು. ಹನ್ನೆರಡು ವರ್ಷದ ನಾನು ಅರಿಶಿನ ತಾಗಿಸಿ, ಎತ್ತಿ ಕೊಡುವೆ. ಅವರು ನನ್ನ ಕೈಯಿಂದ ತೆಗೆದುಕೊಂಡು ಹೋಗುವರು. ತೋಳು, ಕತ್ತು, ಬೆನ್ನು, ಎಲ್ಲ ಅವಳ ಬೆರಳಲ್ಲೇ ಓಡಾಡಿದ ಬಟ್ಟೆ, ಕೊನೆಯ ಒಂದು ಮೊಳ ದಾರಿಯಲ್ಲಿ ಮಾತ್ರ ಅವಳ ಕೈ ಮೈಲಿಗೆ. ನನಗೆ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಬದಲಿಗೆ ದೊಡ್ಡ ಅಧಿಕಾರ ಸಿಕ್ಕಂತೆ ಬೀಗುತ್ತಿದ್ದೆ.

ಆ ವರ್ಷ ಗೌರಿ ಹಬ್ಬಕ್ಕೆ ಎಂಟು ದಿನವಿರುವಾಗ ಅತ್ತೆ ಸೂಜಿ, ಎಣ್ಣೆ ತರಲೆಂದು ಅಪ್ಪನ ಜೊತೆ ಹಾಸನಕ್ಕೆ ಹೋದವಳು ತನಗೊಂದು ಸೀರೆ ತಂದಳು. ನೀಲಿ ವಾಯಿಲ್ ಸೀರೆ, ಮೈ ತುಂಬ ಬೆರಳ ತುದಿಯಷ್ಟು ಬಿಳಿ ಹೂವು. ಎರಡು ವರ್ಷದಿಂದ ಬಿಳಿಯದರ ಹೊರತು ಇನ್ನೊಂದು ಉಟ್ಟವಳಲ್ಲ. ಮಾರನೆಯ ದಿನ ಬೆಳಿಗ್ಗೆ ಅದನ್ನು ಉಟ್ಟು ಬಂದು ಮಿಷನ್ನಿನ ಮುಂದೆ ಕೂತಳು.

ಅಜ್ಜಿಯ ಕುಟ್ಟಾಣಿ ನಿಂತೇ ಹೋಯಿತು. "ಬಿಚ್ಚಾಕೇ ಅದ. ಯಾರ್ ನೋಡ್ಲಿ ಅಂತ ಉಟ್ಟಿದ್ದೀಯ?"

"ನಾನೇ ನೋಡ್ಕೊಳ್ಳನ ಅಂತ ಕಣವ್ವ" ಎಂದಳು ಅತ್ತೆ, ದಾರ ಪೋಣಿಸುತ್ತಾ.

ಹತ್ತು ಗಂಟೆಯ ಹೊತ್ತಿಗೆ ನಾಲ್ಕೈದು ಹೆಂಗಸರು ಬಂದರು. ಅವರ ಮುಂದಾಳು ಅಕ್ಕಿ ಮಿಲ್ಲಿನ ಮನೆಯಾಕೆ. ಆಕೆ ಹೊಸಿಲಲ್ಲೇ ನಿಂತು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಏನವ್ವ, ಗಂಡ ಸತ್ತ್ ಮ್ಯಾಲೆ ಊವು ಅರಳ್ಕೊಂಡವಲ್ಲ ಮೈಮ್ಯಾಲೆ!" ಅಂದಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದರು. ಒಬ್ಬಳು ಥಳುಕುಗಿತ್ತಿ ಅಂದಳು. ಇನ್ನೊಬ್ಬಳು ಬಿನ್ನಾಣ ಅಂದಳು. ಅತ್ತೆ ತಲೆ ಎತ್ತಲಿಲ್ಲ; ಮಿಷನ್ನಿನ ಗಾಲಿ ತಿರುಗುತ್ತಲೇ ಇತ್ತು.

ಈಗ ನನ್ನ ಪಾಲಿನದನ್ನೂ ಹೇಳಿಬಿಡಬೇಕು. ನನ್ನ ಲಂಗದ ಜೊತೆಗಿನ ರವಿಕೆಯನ್ನು ಅತ್ತೆ ಹಿಂದಕ್ಕೆ ಹಾಕಿ ಊರವರದೇ ಹೊಲಿಯುತ್ತಿದ್ದಾಳೆಂದು ನನಗೆ ಸಿಟ್ಟಿತ್ತು. ಜೊತೆಗೆ, ಇಷ್ಟು ಜನ ನಗುವಾಗ ನಾನೂ ಒಂದು ಮಾತು ಎಸೆದು ಶಭಾಸ್ ಅನ್ನಿಸಿಕೊಳ್ಳುವ ಚಪಲ. "ಅತ್ತೆ ಬಿಚ್ಚೋಲೆ ಗೌರಮ್ಮ!" ಎಂದು ಕೂಗಿದೆ.

ನಗು ಮನೆ ತುಂಬಿತು. ಗಾಲಿ ನಿಂತಿತು.

ಅತ್ತೆ ಎದ್ದಳು. ಅಳುತ್ತಾಳೆ ಅಂದುಕೊಂಡೆ. ಅವಳು ಮೂಲೆಯಲ್ಲಿದ್ದ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ತಂದು, ಯಾರದು ಯಾರಿಗೆ ಎಂದು ನೋಡಿ, ಅವರವರ ಕಾಲ ಬುಡದಲ್ಲಿ ಇಟ್ಟಳು. ಕತ್ತರಿಸಿದ್ದನ್ನೂ ಇಟ್ಟಳು, ಒಂದೇ ತೋಳು ಕೂಡಿಸಿದ್ದನ್ನೂ ಇಟ್ಟಳು.

"ತಗಂಡೋಗಿ ಅಕ್ಕ. ನಾನ್ ಒಲಿಯಾಕಿಲ್ಲ."

"ಅಯ್ಯೋ, ತಮಾಸೆಗಂದ್ರೆ ಇಂಗಾ ಮುನಿಸ್ಕೊಳದು? ಅಬ್ಬ ಅದೆ ಕಣವ್ವ!"

"ಅದ್ಕೇ ಯೋಳಿದ್ದು. ನಾನ್ ಒಲ್ದಿದ್ದು ನಿಮ್ ಗೌರಿಗಾಯ್ತದೆ. ನಾನ್ ಉಟ್ಟಿದ್ದು ನಿಮ್ ಕಣ್ಣಿಗಾಗಕಿಲ್ಲ. ಇನ್ಮ್ಯಾಲೆ ನಾನ್ ಒಲಿಯದಾದ್ರೆ ಇದೇ ಸೀರೆ ಉಟ್ಗಂಡು ಒಲಿಯದು. ಬೇಕಾದೋರು ಮುಂಬಾಗ್ಲಲ್ಲಿ ಬಂದು, ನನ್ ಕೈಯಿಂದ್ಲೇ ಇಸ್ಕೊಂಡೋಗ್ಬೇಕು. ಮಗಿ ಕೈಯಿಂದ ಅಲ್ಲ."

ಹೆಂಗಸರು ಗಂಟು ಎತ್ತಿಕೊಂಡು ಹೊರಟರು. ಬೀದಿಯ ಆ ತುದಿಯವರೆಗೂ ಅವರ ಬಾಯಿ ಕೇಳುತ್ತಿತ್ತು.

ಆಮೇಲಿನ ಐದು ದಿನ ಮಿಷನ್ನಿನ ಸದ್ದಿಲ್ಲ. ಅಪ್ಪ ಊಟಕ್ಕೆ ಕೂತಾಗ ಒಮ್ಮೆ, "ಊರೋರ ಬಾಯಿ ಕಟ್ಟಾಕಾಗದವ್ವ, ಹಳೇ ಸೀರೇನೇ ಉಟ್ಕೋ. ಜನ ಬರದೇ ಓದ್ರೆ ಮಲ್ಲಿಪಟ್ಟಣದೋರು ಕರ್ಕೊಂಡೋಯ್ತೀವಿ ಅಂತಾರೆ, ನಾನೇನು ಯೋಳ್ಲಿ" ಅಂದರು. ಅಲ್ಲಿ ಅವಳಿಗೆ ಕಾದಿದ್ದದ್ದು ಕೊಟ್ಟಿಗೆ, ಸಗಣಿ, ಗಂಡನ ತಾಯಿಯ ಬೈಗಳು. ಅದು ಎಲ್ಲರಿಗೂ ಗೊತ್ತಿತ್ತು. ಅವಳು ಮುದ್ದೆ ಬಡಿಸಿ, ಸಾರು ಬಿಟ್ಟು, ಒಳಗೆ ಹೋದಳು. ಮರುದಿನವೂ ಅದೇ ನೀಲಿ ಸೀರೆ ಉಟ್ಟು, ಖಾಲಿ ಮಿಷನ್ನಿನ ಮುಂದೆ ಕೂತು, ಅದರ ಧೂಳು ಒರೆಸಿದಳು. ನಾನು ಹತ್ತಿರ ಹೋಗಿ ನಿಂತರೆ ಬೈಯಲೂ ಇಲ್ಲ, ಕರೆಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಮೇಲಿತ್ತು.

ಇತ್ತ ಹೆಂಗಸರೆಲ್ಲ ಪೇಟೆಯ ದರ್ಜಿಯ ಹತ್ತಿರ ಓಡಿದ್ದರು. ಆತ ಅಂಗಿ ಹೊಲಿದು ಪಳಗಿದ ಕೈ. ಅವಸರದಲ್ಲಿ ಎಲ್ಲರಿಗೂ ಒಂದೇ ಅಂದಾಜಿನಲ್ಲಿ ಹೊಲಿದುಕೊಟ್ಟ. ಒಬ್ಬಳಿಗೆ ಕಂಕುಳ ಹತ್ತಿರ ಹಿಡಿದು ಕೈ ಮೇಲೇಳದು. ಒಬ್ಬಳ ರವಿಕೆಯ ಕತ್ತು ಭುಜದಿಂದ ಜಾರಿ ಬೀಳುವುದು. ಮಿಲ್ಲಿನ ಮನೆಯಾಕೆಯ ಬುಗ್ಗೆ ತೋಳು ಎರಡು ಕಡೆ ಎರಡು ಕುಂಬಳಕಾಯಿ ಕಟ್ಟಿದ ಹಾಗೆ ಆಗಿತ್ತಂತೆ.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ಮಿಲ್ಲಿನ ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ಕರೆದಳು. ಅತ್ತೆ ಅಡಿಗೆಮನೆಯಿಂದಲೇ, "ಮುಂದಿಂದ ಬನ್ನಿ ಅಕ್ಕ, ಇಲ್ಲಿ ಕೆಸ್ರದೆ" ಅಂದಳು. ಹಿತ್ತಲು ಒಣಗಿ ಬಿರುಕು ಬಿಟ್ಟಿತ್ತು.

ಆಕೆ ಬೀದಿ ಸುತ್ತಿ ಮುಂಬಾಗಿಲಿಗೆ ಬಂದಳು. ಎದುರು ಮನೆಯವರು ಕಿಟಕಿಗೆ ಬಂದಿದ್ದರು. ಅತ್ತೆ ಅಳತೆ ತೆಗೆದುಕೊಂಡಳು, ದರ್ಜಿಯ ಹೊಲಿಗೆ ಪೂರ್ತಿ ಬಿಚ್ಚಿದಳು, ಸಂಜೆಯೊಳಗೆ ಹೊಸದಾಗಿ ಕೂಡಿಸಿದಳು. ನಾನು ಅಭ್ಯಾಸದಂತೆ ಅರಿಶಿನದ ಬಟ್ಟಲಿಗೆ ಕೈ ಹಾಕಿದೆ. ಅತ್ತೆ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ತಾನೇ ಬೆರಳು ಅದ್ದಿ, ರವಿಕೆಯ ಮೂಲೆಗೆ ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ನೀಡಿದಳು.

ಮಿಲ್ಲಿನ ಮನೆಯಾಕೆ ಮುಖ ಗೋಡೆಯ ಕಡೆ ಮಾಡಿಕೊಂಡು ಕೈ ಚಾಚಿದಳು. ಅತ್ತೆ ಬಿಡಲಿಲ್ಲ. ಆಕೆ ಎಳೆದಳು, ಅತ್ತೆ ಬಿಡಲೇ ಇಲ್ಲ. ಕೊನೆಗೆ ಆಕೆ ತಿರುಗಿ ಅತ್ತೆಯ ಮುಖ ನೋಡಬೇಕಾಯಿತು, ಸೀರೆ ನೋಡಬೇಕಾಯಿತು. ಆಗ ಬಿಟ್ಟಳು.

"ಚೆನ್ನಾಗದೆ" ಅಂದಳು ಆಕೆ. ರವಿಕೆಯೋ ಸೀರೆಯೋ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಎರಡು ಮನೆಯವರು ಜನ್ಮದಲ್ಲಿ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಬಂದವರಲ್ಲೂ ಕೆಲವರು ಮನೆಗೆ ಹೋಗಿ ರವಿಕೆಗೆ ನೀರು ಚಿಮುಕಿಸಿಕೊಂಡರೆಂದು ಕೇಳಿದ್ದೇನೆ. ಚಿಮುಕಿಸಿಕೊಳ್ಳಲಿ. ಅರಿಶಿನ ಹಚ್ಚುವ ನನ್ನ ಅಧಿಕಾರ ಮಾತ್ರ ಅಂದೇ ಹೋಯಿತು, ಅದು ಹೋಗಬೇಕಾದ್ದೇ. ಆವತ್ತಿನಿಂದ ಒಬ್ಬಳು ಹೆಂಗಸು ಏನು ಉಟ್ಟಳೆಂದು ನಾಲಿಗೆ ತುದಿಗೆ ಮಾತು ಬಂದರೆ ನುಂಗಿಕೊಳ್ಳುತ್ತೇನೆ. ನನ್ನೆದುರು ಬೇರೆಯವರು ಆಡಿದರೆ ಮಾತ್ರ ನುಂಗಿಕೊಳ್ಳುವುದಿಲ್ಲ. ಮದುವೆ ಮನೆಯಾಗಲಿ, ಬಸ್ಸಾಗಲಿ, ನಿನ್ನ ಗಂಡನ ಅಂಗಿಗೆ ಏನಂತೀಯ ಎಂದು ಕೇಳಿಯೇ ಬಿಡುತ್ತೇನೆ. ನೆಂಟರಲ್ಲಿ ಕೆಲವರು ಇದಕ್ಕಾಗಿ ನನ್ನ ಪಕ್ಕ ಕೂರುವುದಿಲ್ಲ.

ಹಬ್ಬ ಕಳೆದ ಮಾರನೆಯ ದಿನ ಅತ್ತೆ ಹಿತ್ತಲಲ್ಲಿ ಆ ಸೀರೆ ಒಗೆಯಲು ಕೂತಳು. ಎಂಟು ದಿನದಿಂದ ಅವಳ ಜೊತೆ ಸರಿಯಾಗಿ ಮಾತಾಡದ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಕೆಟ್ಟಿನ ನೀರು ನೀಲಿಗೆ ತಿರುಗುತ್ತಿತ್ತು.

"ಅಯ್ಯೋ ಮಂಕೇ, ಬಣ್ಣ ಬುಡ್ತಾ ಅದೆ ಕಾಣಾಕಿಲ್ವ?" ಎನ್ನುತ್ತಾ ಅಜ್ಜಿ ಒಳಗೆ ಹೋಗಿ, ಮಡಿಕೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಬಕೆಟ್ಟಿಗೆ ಸುರಿದಳು. "ಉಪ್ಪಲ್ಲಿ ನೆನೆಹಾಕು. ಊರೆಲ್ಲ ರಂಪ ಮಾಡಿ ಉಟ್ಟೋಳು, ನಾಕ್ ವರ್ಸನಾದ್ರೂ ಉಡ್ಬ್ಯಾಡ್ವಾ?"