ವಿಶ್ವನಾಥ ಎಡವಿದ ಸುದ್ದಿ

ಗೋಣಿಬೀಡಿನ ಆಚೆ ವಿಶ್ವನಾಥನ ತೋಟ ದೊಡ್ಡದೇನಲ್ಲ. ಆದರೆ ಅವನ ಗುರಿ ತಪ್ಪುವುದಿಲ್ಲವೆಂದು ಸುತ್ತಲ ಊರಿಗೆಲ್ಲ ಗೊತ್ತಿತ್ತು. ಆ ಸೀಮೆಯಲ್ಲಿ ಗಂಡಸಿನ ತೂಕ ತೋಟದಿಂದ ಅರ್ಧ, ಕೋವಿಯಿಂದ ಅರ್ಧ. ವಸಂತಮ್ಮನ ಅಪ್ಪ ಸಂಬಂಧ ನೋಡಲು ಬಂದಾಗಲೂ ಮೊದಲು ಕಣ್ಣು ಹಾಯಿಸಿದ್ದು ಗೋಡೆಯ ಮೇಲಿದ್ದ ಕೋವಿಯ ಕಡೆಗೇ. ಮೆಚ್ಚಿ ಮಗಳನ್ನು ಕೊಟ್ಟ.

ಹಂದಿಗಳು ಕಾಫಿ ಬುಡ ಅಗೆಯುತ್ತಿವೆಯೆಂದು ಒಂದು ಸಂಜೆ ವಿಶ್ವನಾಥ ಮತ್ತು ಅವನ ತಮ್ಮ ಮಲ್ಲಿಕಾರ್ಜುನ ಕೋವಿ ಹಿಡಿದು ತೋಟಕ್ಕಿಳಿದರು. ಪೊದೆ ಅಲುಗಿತು. ತಮ್ಮ ಈಡು ಹಾರಿಸಿದ. ಪೊದೆಯ ಹಿಂದಿದ್ದದ್ದು ಅಣ್ಣ.

ಹೆಣ ಇನ್ನೂ ಜಗಲಿಯಲ್ಲಿದ್ದಾಗಲೇ ಊರಿನ ಹಿರಿಯರು ವಸಂತಮ್ಮನನ್ನು ಒಳಗೆ ಕರೆದರು.

"ಹೋದವ್ರು ಹೋದ್ರಮ್ಮ. ಇನ್ನೊಬ್ರನ್ನ ಜೈಲಿಗೆ ಕಳ್ಸಿ ಏನ್ ಬಂತು? ಎಡವಿ ಬಿದ್ರು, ಅವ್ರದ್ದೇ ಕೋವಿ ಹಾರ್ತು ಅಂತ ಹೇಳಿ. ಮನೆ ಮಾನ ಉಳಿಯುತ್ತೆ."

ಮೈದುನ ಅವಳ ಕಾಲು ಹಿಡಿದು ಅತ್ತ. ಆ ಅಳುವಿನಲ್ಲಿ ನಾಟಕವಿರಲಿಲ್ಲ. ಅವಳು ಪೊಲೀಸರಿಗೆ ಹಾಗೆಯೇ ಹೇಳಿದಳು. ಅವರು ವಿಶ್ವನಾಥನ ಕೋವಿಯನ್ನು ಸ್ಟೇಷನ್ನಿಗೆ ಒಯ್ದರು.

ಆ ಸುಳ್ಳು ಎಲ್ಲಿಗೆ ಮುಟ್ಟೀತೆಂದು ಅವಳಿಗೆ ಹೊಳೆದಿರಲಿಲ್ಲ. ಗುರಿ ತಪ್ಪದ ವಿಶ್ವನಾಥ ಬರಬರುತ್ತ ಜನರ ಬಾಯಲ್ಲಿ ಕೋವಿ ಹಿಡಿಯಲು ಬಾರದವನಾದ. ಬಸ್ಸು ಕಾಯುತ್ತಿದ್ದಾಗ ಅವಳ ಕಿವಿಗೇ ಬಿತ್ತು: "ಲೋಡ್ ಮಾಡಿದ ಕೋವಿ ಹಿಡ್ಕಂಡು ಯಾರಾದ್ರೂ ಓಡ್ತಾರಾ?"

ಆಮೇಲೊಮ್ಮೆ ಮಲ್ಲಿಕಾರ್ಜುನ ಬಂದ. "ಅತ್ತಿಗೆ, ಅಣ್ಣನ ಕೋವಿ ನನ್ ಮಗ ಅಭಿಷೇಕನ ಹೆಸರಿಗೆ ಆಗ್ಲಿ. ಅಜ್ಜನ ಕಾಲದ್ದು, ಸ್ಟೇಷನ್ನಲ್ಲಿ ತುಕ್ಕು ಹಿಡಿಯೋದು ಬೇಡ."

"ನನ್ ಮಗಳು ಗಗನಾ ಇದ್ದಾಳಲ್ಲ?"

ಮೈದುನ ನಕ್ಕ. "ಹೆಣ್ಮಕ್ಳಿಗೆ ಕೋವಿ ಯಾಕತ್ತಿಗೆ?"

ಅವಳು ಒಪ್ಪಿದಳು. ಒಮ್ಮೆ ಬಾಗಿದ ಮೇಲೆ ಎರಡನೆಯ ಸಲ ಅಷ್ಟೇನೂ ಕಷ್ಟವಾಗಲಿಲ್ಲ.

ಆ ವರ್ಷದ ಆಯುಧಪೂಜೆಗೆ ಮೈದುನನ ಹಜಾರದಲ್ಲಿ ಕೋವಿಗಳಿಗೆ ಕುಂಕುಮ, ಚೆಂಡುಹೂವು. ಗಂಡನ ಕೋವಿಯೂ ಆ ಸಾಲಿನಲ್ಲಿತ್ತು. ನೆಂಟರೊಬ್ಬರು ಅಭಿಷೇಕನ ಬೆನ್ನು ತಟ್ಟಿದರು. "ದೊಡ್ಡಪ್ಪನ ಹಾಗೆ ಎಡವ್ಬೇಡ ಮಾರಾಯ!"

ಎಲ್ಲರೂ ನಕ್ಕರು. ಮಲ್ಲಿಕಾರ್ಜುನನೂ ನಕ್ಕ.

ವಸಂತಮ್ಮ ಕೈಲಿದ್ದ ಕೋಸಂಬರಿ ಪಾತ್ರೆ ಕೆಳಗಿಟ್ಟಳು. "ಅವ್ರು ಎಡವ್ಲಿಲ್ಲ. ಇವ್ನು ಹೊಡ್ದ. ಹಂದಿ ಅಂದ್ಕೊಂಡು ಒಡಹುಟ್ಟಿದ ಅಣ್ಣನ್ನ ಹೊಡ್ದ. ನೀವೆಲ್ಲ ಸೇರಿ ನನ್ ಕೈಲಿ ಸುಳ್ಳು ಹೇಳಿಸಿದ್ರಿ."

ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತು. ಗೊತ್ತಿದ್ದೇ ನಕ್ಕಿದ್ದರು. "ಹಬ್ಬದ ದಿನ ಇದೆಲ್ಲ ಯಾಕಮ್ಮ?" ಎಂದರು ಹಿರಿಯರೊಬ್ಬರು. ಮಂಗಳಾರತಿ ಶುರುವಾಯಿತು.

ಅಲ್ಲಿಂದ ಮುಂದೆ ಜನ ಬರುವುದು ಬಿಟ್ಟಿದ್ದು ವಸಂತಮ್ಮನ ಮನೆಗೆ, ಮಲ್ಲಿಕಾರ್ಜುನನ ಮನೆಗಲ್ಲ. ಮನೆಯ ಮಾತು ಬೀದಿಗೆ ತಂದವಳ ಮಗಳು ಬೇಡವೆಂದು ಗಗನಾಗೆ ಗೊತ್ತಾಗಿದ್ದ ಸಂಬಂಧವೂ ಮುರಿಯಿತು. ಗಗನಾ ಅದಕ್ಕೆ ಅಳಲಿಲ್ಲ. "ಹೇಳಿದ್ದು ತಪ್ಪಲ್ಲಮ್ಮ," ಎಂದಳು. "ಅಪ್ಪ ಜಗಲೀಲಿ ಮಲ್ಗಿದ್ದಾಗ್ಲೇ ಹೇಳ್ಬೇಕಿತ್ತು."

ಕಾಫಿ ಕೊಯ್ಲಿನ ಹೊತ್ತಿಗೆ ಅಭಿಷೇಕ ದೊಡ್ಡಪ್ಪನ ಕೋವಿಯಲ್ಲಿ ತನ್ನ ಮೊದಲ ಹಂದಿ ಹೊಡೆದ. ಬೆಳಿಗ್ಗೆ ಜೀಪಿನಲ್ಲಿ ಊರಿನ ಮನೆಮನೆಗೂ ಮಾಂಸದ ಪಾಲು ಹೋಯಿತು. ಗೇಟಿನ ಬಳಿ ಗುಡಿಸುತ್ತಿದ್ದ ವಸಂತಮ್ಮ ಪೊರಕೆ ಹಿಡಿದೇ ಪಕ್ಕಕ್ಕೆ ಸರಿದು ನಿಂತಳು. ಜೀಪು ಅವಳೆದುರು ನಿಧಾನವಾಗಲೂ ಇಲ್ಲ.